ಮೂರನೇ ಗರಿ

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನನ್ನ ಮೊಮ್ಮಗ ಮೆಲ್ಲಗೆ ಎದ್ದು ಹೊರಗೆ ಹೋಗುತ್ತಾನೆ. ಮೊಮ್ಮಗಳು ಮಾತ್ರ ಕೂತಿರುತ್ತಾಳೆ, ಅದೂ ಅವಳಿಗೆ ನನ್ನಿಂದ ಏನಾದರೂ ಕೆಲಸ ಆಗಬೇಕಿದ್ದಾಗ. ಹೋದ ವಾರ ಅವಳು ಶಾಲೆಯಲ್ಲಿ ಬಿಲ್ಲುವಿದ್ಯೆ ಕಲಿಯಲು ಕೊಟ್ಟ ಬಾಣವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅದರ ಹಿಂದಿನ ಮೂರು ಪ್ಲಾಸ್ಟಿಕ್ ಗರಿಗಳಲ್ಲಿ ಒಂದು ಕಿತ್ತುಹೋಗಿತ್ತು. “ಅಜ್ಜಾ, ಇದನ್ನ ಹಚ್ಚಿಕೊಡು,” ಎಂದಳು. ನನ್ನ ಕೈ ಈಗ ಚಹಾದ ಬಸಿಯನ್ನೂ ನೆಟ್ಟಗೆ ಹಿಡಿಯುವುದಿಲ್ಲ. ಆದರೂ ಬಾಣವನ್ನು ಎತ್ತಿಕೊಂಡೆ. ಎತ್ತಿಕೊಂಡದ್ದೇ ತಪ್ಪಾಯಿತು, ಅರವತ್ತು ವರ್ಷದ ಹಿಂದಿನ ಒಂದು ದಿನ ಬಂದು ಎದುರಿಗೆ ಕೂತಿತು. ಆ ದಿನದ ಕಥೆ ಹೇಳುತ್ತೇನೆ, ನಡುವೆ ಏಳಬೇಡಿ. ಮತ್ತೆ ಮೊದಲಿನಿಂದ ಹೇಳುವಷ್ಟು ಕಸುವು ನನ್ನಲ್ಲಿಲ್ಲ.

ನಮ್ಮದು ಹಾನಗಲ್ ಸೀಮೆಯಲ್ಲಿ, ಆಡೂರಿನ ಹತ್ತಿರದ ಸಣ್ಣ ಊರು. ನಮ್ಮ ಹಿರಿಯರು ಒಂದು ಕಾಲಕ್ಕೆ ಬೇಟೆಯಾಡಿ ಬದುಕಿದವರು. ಅಪ್ಪನ ಕಾಲಕ್ಕೆ ಬೇಟೆ ಹೋಗಿ ಬೇಸಾಯ ಬಂದಿತ್ತು, ಬಿಲ್ಲು ಗೋಡೆಯ ಗೂಟ ಸೇರಿತ್ತು. ವರ್ಷಕ್ಕೊಮ್ಮೆ, ದಸರೆಯಲ್ಲಿ ಬನ್ನಿ ಮುಡಿಯುವ ದಿನ ಅದನ್ನು ಕೆಳಗಿಳಿಸುತ್ತಿದ್ದರು. ಊರ ಹೊರಗಿನ ಬನ್ನಿಗಿಡದ ಮುಂದೆ ಬಾಳೆದಿಂಡು ನಿಲ್ಲಿಸಿ ಅದಕ್ಕೆ ಬಾಣ ಬಿಡುವುದು ನಮ್ಮೂರ ಪದ್ಧತಿ. ಮೊದಲ ಬಾಣ ನಮ್ಮ ಮನೆಯದು. ಅದಕ್ಕೊಂದು ಕಟ್ಟಳೆ ಇತ್ತು. ಹೋದ ವರ್ಷದ ಬಾಣ ನಡೆಯುವುದಿಲ್ಲ, ಪ್ರತಿ ಸಲವೂ ಹೊಸದನ್ನೇ ಕಟ್ಟಬೇಕು. ಕಟ್ಟಿದವನೇ ಅದನ್ನು ಬಿಡಬೇಕು. ಇನ್ನೊಬ್ಬರು ಕಟ್ಟಿದ ಬಾಣ ಬಿಟ್ಟರೆ ಅದು ಬನ್ನಿಯ ಎದುರಿಗೆ ಹೇಳಿದ ಸುಳ್ಳು ಎನ್ನುತ್ತಿದ್ದ ಅಪ್ಪ.

ಆ ವರ್ಷ ಹಬ್ಬಕ್ಕೆ ಎರಡೇ ದಿನ ಇರುವಾಗ ಅಪ್ಪನ ಬಲಗೈ ಚಕ್ಕಡಿಯ ಗಾಲಿಗೆ ಸಿಕ್ಕಿಕೊಂಡಿತು. ಮುಂಗೈ ಊದಿ ಬೆರಳು ಮಡಚಲು ಬರುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ಗಂಡಾಳು ಎಂದರೆ ಹತ್ತು ವರ್ಷದ ನಾನೊಬ್ಬನೇ. ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಮನೆ ನೋಡಿಕೊಳ್ಳುತ್ತಿದ್ದಳು. ಹಬ್ಬದ ಹಿಂದಿನ ದಿನ ಮುಂಜಾನೆ ಅಪ್ಪ ಸವಣೂರಿಗೆ, ಮೂಳೆ ಕೂಡಿಸುವ ಒಬ್ಬ ಸಾಹೇಬರ ಹತ್ತಿರ ಕೈ ಕಟ್ಟಿಸಿಕೊಳ್ಳಲು ಹೊರಟ. ಹೊಸ್ತಿಲಲ್ಲಿ ನಿಂತು ನನ್ನನ್ನು ಕರೆದ.

“ನೀ ಕಟ್ಟಿದ್ರ ನೀನ ಬಿಡು. ಇಲ್ಲಂದ್ರ ಮೊದಲ ಬಾಣ ಕೆಳಗಿನ ಓಣ್ಯಾವರಿಗೆ ಹೋಗ್ತೈತಿ. ಹೋದದ್ದು ಮತ್ತ ಬರಂಗಿಲ್ಲ.”

“ಕಟ್ತೇನಿ ಅಪ್ಪಾ,” ಎಂದೆ.

“ಗರಿ ಮರೀಬ್ಯಾಡ. ಮೂರೂ ಒಂದ ರೆಕ್ಕೀವು ಇರಬೇಕು. ಎಡಾ ಬಲಾ ಕಲಸಿದ್ರ ಬಾಣ ಕುಡದವನಂಗ ಹೊಯ್ದಾಡ್ತೈತಿ,” ಎಂದು ಹೇಳಿ ನೋವಿಗೆ ಹಲ್ಲು ಕಚ್ಚಿಕೊಂಡು ನಡೆದ.

ಬಿಲ್ಲು ಎಳೆಯುವುದನ್ನು ಅಪ್ಪ ನನಗೆ ಕಲಿಸಿದ್ದ. ಬಾಣ ಕಟ್ಟುವುದನ್ನು ಮಾತ್ರ ದೂರದಿಂದ ನೋಡಿದ್ದೆ. ಅಟ್ಟದ ಮೇಲೆ ಒಣಗಿಸಿಟ್ಟ ತೆಳು ಬಿದಿರಿನ ಕಡ್ಡಿಗಳಲ್ಲಿ ಒಂದನ್ನು ಆರಿಸಿದೆ. ಎಲ್ಲ ಕಡ್ಡಿಗಳೂ ನೋಡಲು ನೆಟ್ಟಗೆ, ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲವೂ ಸೊಟ್ಟ. ಒಲೆಯ ಕೆಂಡದ ಮೇಲೆ ಕಾಯಿಸಿ, ಬಿಸಿ ಇರುವಾಗಲೇ ಬಗ್ಗಿಸಿ, ಆರುವವರೆಗೆ ಹಿಡಿದುಕೊಂಡೇ ಕೂರಬೇಕು. ಒಂದು ಕಡೆಯ ಸೊಟ್ಟ ತೆಗೆದರೆ ಇನ್ನೊಂದು ಕಡೆ ಬರುತ್ತಿತ್ತು. ಹೊಗೆಗೆ ಕಣ್ಣೀರು ಸುರಿದು, ಅಂಗೈಯಲ್ಲಿ ಬೊಬ್ಬೆ ಎದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಕಡ್ಡಿ ನೆಟ್ಟಗಾಯಿತು. ಒಡೆದ ಗಾಜಿನ ಚೂರಿನಿಂದ ಅದನ್ನು ಹೆರೆದು ನುಣುಪು ಮಾಡಿದೆ. ತುದಿಗೆ ಕಬ್ಬಿಣದ ಮೊನೆ ಸಿಕ್ಕಿಸಿದೆ, ಹಿಂದೆ ಬಿಲ್ಲಿನ ಹಗ್ಗ ಕೂರಲು ಸಣ್ಣ ಕಚ್ಚು ಹಾಕಿದೆ. ಅಷ್ಟಕ್ಕೇ ನನ್ನ ಭುಜ ಬಿದ್ದುಹೋಗಿತ್ತು. ಅಕ್ಕ ಅಂದು ಬೆಳಗಿನಿಂದ ಇಡೀ ಮನೆ ಸಾರಿಸಿ, ಹಾಸಿಗೆ ಹೊದಿಕೆ ಎಲ್ಲ ಹಳ್ಳಕ್ಕೆ ಹೊತ್ತು ಒಗೆದು ತಂದಿದ್ದಳು. ಅವಳಿಗೂ ದಣಿವಾಗಿರಬಹುದು ಎಂದು ನನಗೆ ತೋಚಲೇ ಇಲ್ಲ.

ಅಮಾವಾಸ್ಯೆಗೆ ಕೊಯ್ದ ಹುಂಜದ ಗರಿಗಳನ್ನು ಅಕ್ಕ ಎರಡು ಬಟ್ಟೆಗಂಟುಗಳಲ್ಲಿ ಇಟ್ಟಿದ್ದಳು. ಎಡರೆಕ್ಕೆಯವು ಒಂದರಲ್ಲಿ, ಬಲರೆಕ್ಕೆಯವು ಇನ್ನೊಂದರಲ್ಲಿ. ಹೈರಾಣಾಗಿದ್ದ ನಾನು ಎರಡೂ ಗಂಟು ಬಿಚ್ಚಿ ಒಂದೇ ಕಡೆ ಸುರಿದುಕೊಂಡೆ. ಒಳ್ಳೆಯ ಮೂರು ಗರಿ ಆರಿಸಿದ ಮೇಲೆ ಅಪ್ಪನ ಮಾತು ನೆನಪಾಯಿತು. ಬೆಳಕಿಗೆ ಹಿಡಿದು ನೋಡಿದೆ, ಎಲ್ಲವೂ ಒಂದೇ ಥರ ಕಂಡವು. ಯಾವುದಾದರೇನು, ನಡೆಯುತ್ತದೆ ಬಿಡು ಎಂದುಕೊಂಡೆ. ಗರಿಯ ನಡುದಂಟನ್ನು ಉದ್ದಕ್ಕೆ ಸೀಳಿ, ಜಾಲಿಗಿಡದ ಅಂಟು ಬಳಿದು ಕಡ್ಡಿಗೆ ಕೂರಿಸಿ, ಹತ್ತಿ ದಾರದಿಂದ ಸುತ್ತಬೇಕು. ಮೊದಲನೆಯದು ಕೂರುವಷ್ಟರಲ್ಲಿ ಹೊತ್ತು ಮುಳುಗಿತು. ಎರಡನೆಯದನ್ನು ಹೇಗೋ ಕಟ್ಟಿದೆ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿದ್ದು ನೆನಪಿದೆ, ಆಮೇಲೆ ಏನೂ ನೆನಪಿಲ್ಲ.

“ಏಳೋ ತಮ್ಮಾ, ಹೊತ್ತಾತು,” ಎಂದು ಅಕ್ಕ ಎಬ್ಬಿಸಿದಾಗ ಬೆಳಗಾಗಿತ್ತು. ರಾತ್ರಿ ನಾನು ಮಲಗಿದ ಮೇಲೆ ಮರಳಿ ಬಂದಿದ್ದ ಅಪ್ಪ ಅಂಗಳದಲ್ಲಿ ಎಡಗೈಯಿಂದ ಮುಖ ತೊಳೆಯುತ್ತಿದ್ದ. ನಾನು ಗಾಬರಿಯಿಂದ ಬಾಣ ನೋಡಿದೆ. ಮೂರು ಗರಿಗಳೂ ಇದ್ದವು. ಹಿಂದೆ ಮುಂದೆ ದಾರ ಸುತ್ತಿ, ಮೇಲೆ ಅಂಟು ಸವರಿತ್ತು. ಅಕ್ಕನ ಉಗುರಿನ ಸಂದಿಯಲ್ಲಿ ಅಂಟು ಒಣಗಿತ್ತು. ಅವಳು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ಅಪ್ಪ ಬಂದು ಬಾಣವನ್ನು ಎಡಗೈಯಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

“ನೀನ ಕಟ್ಟಿದೇನು?”

“ಹೂಂ ಅಪ್ಪಾ.”

“ಪೂರಾ?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಇಲ್ಲ ಎಂದರೆ ಅಪ್ಪ ಆ ಬಾಣ ಮುಟ್ಟಗೊಡುವುದಿಲ್ಲ, ಮೊದಲ ಬಾಣ ಕೆಳಗಿನ ಓಣಿಗೆ ಹೋಗುತ್ತದೆ. “ಪೂರಾ,” ಎಂದೆ. ಸ್ವಲ್ಪ ಹೊತ್ತಿಗೆ ಸಪ್ಪಳ ಮತ್ತೆ ಶುರುವಾಯಿತು.

ಸಂಜೆ ಊರವರೆಲ್ಲ ಬನ್ನಿಗಿಡದ ಹತ್ತಿರ ಸೇರಿದ್ದರು. ನಾನು ಬಾಣ ಹೂಡಿದೆ. ಬಿಲ್ಲು ಎಳೆದು ಬಿಟ್ಟೆ. ಬಾಣ ಎಳೆದ ಗೆರೆಯಂತೆ ಹೋಗಿ ಬಾಳೆದಿಂಡಿನ ನಡುಮಧ್ಯೆ ನಾಟಿತು. ಅಪ್ಪ ಎಡಗೈಯಿಂದಲೇ ತನ್ನ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದ. ಅವನ ಕಣ್ಣು ತುಂಬಿದ್ದವು. ಹೆಣ್ಣುಮಕ್ಕಳ ಗುಂಪಿನಲ್ಲಿ ನಿಂತಿದ್ದ ಅಕ್ಕ ನನ್ನನ್ನು ನೋಡಿ ನಕ್ಕಳು. ನನಗೆ ನಗಲು ಆಗಲಿಲ್ಲ, ತಲೆ ತಗ್ಗಿಸಿದೆ.

ಮರುವರ್ಷ ಅಕ್ಕನನ್ನು ಹಿರೇಕೆರೂರಿಗೆ ಮದುವೆ ಮಾಡಿ ಕೊಟ್ಟರು. ಮುಂದೆ ಎಷ್ಟೋ ವರ್ಷ ಮೊದಲ ಬಾಣ ನಾನೇ ಬಿಟ್ಟೆ, ನಾನೇ ಕಟ್ಟಿದೆ. ಕಲಸಿದ ಗರಿಯ ಬಾಣವೇ ಅಷ್ಟು ನೆಟ್ಟಗೆ ಹೋಗಿತ್ತಲ್ಲ, ಎಡ ಬಲ ಎಂಬುದೆಲ್ಲ ಅಪ್ಪ ಹೆದರಿಸಲು ಹೇಳಿದ ಮಾತು ಎಂದುಕೊಂಡು ಗರಿ ಆರಿಸುವ ಗೋಜಿಗೇ ಹೋಗಲಿಲ್ಲ. ಒಂದು ಬಾಣವೂ ಅಷ್ಟು ನೆಟ್ಟಗೆ ಹೋಗಲಿಲ್ಲ. ಒಂದು ವರ್ಷವಂತೂ ಪೂಜಾರಿಯ ಕಿವಿಯ ಪಕ್ಕವೇ ಹಾದುಹೋಯಿತು. ಆ ಮೂರನೇ ಗರಿಯ ಸುಳ್ಳಿಗೆ ಬನ್ನಿ ಕೊಟ್ಟ ಶಿಕ್ಷೆ ಇದು ಎಂದು ನಾನು ನಂಬಿದ್ದೆ. ಅಪ್ಪ ಸಾಯುವಾಗಲೂ ಹೇಳಲಿಲ್ಲ. ಸುಳ್ಳು ಹೊತ್ತು ತಿರುಗುವುದು ಎಷ್ಟು ದಣಿವಿನ ಕೆಲಸ ಎಂದು ನಿಮಗೆ ಈಗಲೇ ಗೊತ್ತಾಗದಿರಲಿ.

ಅವತ್ತು ಇದನ್ನೆಲ್ಲ ಹೇಳಿದ ಮೇಲೆ ಮೊಮ್ಮಗಳು, “ಇಷ್ಟ ಹೌದಲ್ಲೋ ಅಜ್ಜಾ, ನಿನ್ನ ಅಕ್ಕಗ ಫೋನ್ ಹಚ್ಚಿ ಹೇಳಿಬಿಡು,” ಎಂದು ತಾನೇ ಹಿರೇಕೆರೂರಿಗೆ ಫೋನ್ ಹಚ್ಚಿ ನನ್ನ ಮುಂದೆ ಹಿಡಿದಳು. ನಾನು ತಡವರಿಸುತ್ತ, “ಯಕ್ಕಾ, ಆ ಬಾಣದ ಮೂರನೇ ಗರಿ ನೀ ಕಟ್ಟಿದ್ದಿ. ನಾ ಅಪ್ಪಗ ಸುಳ್ಳು ಹೇಳಿದೆ,” ಎಂದೆ.

“ಮೂರನೇದ?” ಅಕ್ಕ ನಕ್ಕಳು, ನಗುತ್ತ ಕೆಮ್ಮಿದಳು. “ಮೂರೂ ನಾನ ಕಟ್ಟೇನೋ ಹುಚ್ಚಾ. ನೀ ಒಂದು ಎಡದ್ದು ಒಂದು ಬಲದ್ದು ಹಚ್ಚಿ ಮಲಗಿದ್ದಿ. ಅವನ್ನ ಕಿತ್ತು ಒಲಿಗೆ ಹಾಕಿದ್ನಿ. ಅಪ್ಪಗ ಅವತ್ತ ಗೊತ್ತಾಗಿತ್ತು. ನನ್ನ ಕೈಯ್ಯಾಗಿನ ಅಂಟು ನೋಡಿ ಸುಮ್ಮನಾದ.”

ಮೊಮ್ಮಗಳು ಫೋನ್ ಇಟ್ಟು, ಅಂಗಡಿಯ ಅಂಟು ತಂದು, ಕಿತ್ತುಹೋಗಿದ್ದ ಗರಿಯನ್ನು ತಾನೇ ಹಚ್ಚಿಕೊಂಡಳು. ಅವಳ ಗರಿಗೆ ಎಡವೂ ಇಲ್ಲ, ಬಲವೂ ಇಲ್ಲ. ಯಾವ ಊರಿನ ಯಾರು ಆ ಬಾಣ ಮಾಡಿದರೋ ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ನನ್ನ ಬಾಣ ನಮ್ಮ ಮನೆಯಲ್ಲೇ, ನಾನು ಮಲಗಿದ್ದ ಗೋಡೆಯ ಪಕ್ಕದಲ್ಲೇ ಆದದ್ದು. ಅದನ್ನು ಕಟ್ಟಿದವರು ಯಾರೆಂದು ತಿಳಿಯಲು ನನಗೆ ಅರವತ್ತು ವರ್ಷ ಹಿಡಿಯಿತು.