ಗವರ್ನರ್‌ಪೇಟೆಯ ಮಹಡಿಯಲ್ಲಿ ಗ್ರಹಗಳ ರೇಸು

ಬ್ಯಾಂಕಿನಲ್ಲಿ ಆಫೀಸರಾಗಿ ಬಡ್ತಿ ಸಿಕ್ಕಿದ್ದೇ ತಡ, ನನ್ನನ್ನು ಹಾಸನದಿಂದ ವಿಜಯವಾಡಕ್ಕೆ ಎತ್ತಿ ಹಾಕಿದರು. ತೊಂಬತ್ತರ ದಶಕದ ನಡುವಿನ ಮಾತು. ನನಗಾಗ ಮೂವತ್ತು, ಮದುವೆಯಾಗಿರಲಿಲ್ಲ. ಗವರ್ನರ್‌ಪೇಟೆಯಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಕೆಳಗೆ ಮನೆಯ ಯಜಮಾನರು, ರೈಲ್ವೆ ಇಂಜಿನ್ ಡ್ರೈವರಾಗಿ ನಿವೃತ್ತರಾದವರು, ಹೆಂಡತಿಯ ಜೊತೆ ಇದ್ದರು. ಅಲ್ಲಿಯ ರೂಢಿಯಂತೆ ನಾನು ಅವರನ್ನು ಬಾಬಾಯಿಗಾರು, ಪಿನ್ನಿಗಾರು ಎನ್ನುತ್ತಿದ್ದೆ. ನಮ್ಮಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಎಂದ ಹಾಗೆ.

ಒಂಟಿ ಹೆಂಗಸಿಗೆ ಮನೆ ಕೊಟ್ಟರೂ ಪಿನ್ನಿಗಾರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ನನಗೂ ಅವರ ಮೇಲಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಹತ್ತೂವರೆಗೆ, ನಾನು ಬ್ಯಾಂಕಿನಲ್ಲಿರುವಾಗ. ಡ್ರಮ್ ತುಂಬಿಸಲೆಂದು ನನ್ನ ಮನೆಯ ಒಂದು ಬೀಗದಕೈ ಬಾಬಾಯಿಗಾರ ಹತ್ತಿರ ಇತ್ತು. ಅದೊಂದು ನನ್ನನ್ನು ಒಳಗೇ ಕೊರೆಯುತ್ತಿತ್ತು.

ಆ ವರ್ಷ ಸಂಕ್ರಾಂತಿಗೆ ವಿಶಾಖಪಟ್ಟಣದ ಅಕ್ಕನ ಮನೆಗೆ ಹೋದೆ. ಭಾವ ಅಲ್ಲಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅವರ ಟೌನ್‌ಶಿಪ್ಪಿನ ಕೇಬಲ್‌ನಲ್ಲಿ ಇಂಗ್ಲಿಷಿನ ಒಂದು ಕಾರ್ಟೂನ್ ಬರುತ್ತಿತ್ತು. ಗ್ರಹದಿಂದ ಗ್ರಹಕ್ಕೆ ನಡೆಯುವ ರೇಸು. ಮಿಂಚುವ ಹೊಸ ವಾಹನಗಳ ನಡುವೆ ಒಬ್ಬಳು ಹುಡುಗಿ ಸರಕು ಸಾಗಿಸುವ ಹಳೆಯ ಗಾಡಿ ತಂದು ನಿಲ್ಲಿಸಿದ್ದಳು. ಒಂದು ವಾರ ಅದರ ರೆಕ್ಕೆ ಮುರಿದರೆ ಮುಂದಿನ ವಾರವೂ ಅದು ಮುರಿದೇ ಇರುತ್ತಿತ್ತು. ನನಗೆ ಹಿಡಿಸಿದ್ದು ಅದೇ.

"ಬ್ಯಾಂಕ್ ಆಫೀಸರಮ್ಮನಿಗೆ ಬೊಂಬೆಯಾಟ!" ಎಂದು ಭಾವ ನಕ್ಕರು. ಅಕ್ಕ ಮಾತ್ರ ಪ್ರತಿ ವಾರ ರೆಕಾರ್ಡ್ ಮಾಡಿ ಕ್ಯಾಸೆಟ್ ಕಳಿಸತೊಡಗಿದಳು.

ಭಾನುವಾರ ಬಾಗಿಲು ಮುಚ್ಚಿಕೊಂಡು ನೋಡುತ್ತಿದ್ದೆ, ನಾಚಿಕೆ. ಕೆಳಗೆ ಇಂಜಿನ್ನಿನ ಭರ್ರೋ ಸದ್ದು, ಗಂಡಸರ ಕೂಗಾಟ ಕೇಳಿಸುತ್ತಿದ್ದಿರಬೇಕು. "ಮೇಲೆ ಯಾರಾದರೂ ಬಂದಿದ್ದಾರೇನಮ್ಮಾ?" ಎಂದು ಪಿನ್ನಿಗಾರು ಮೆಟ್ಟಿಲ ಹತ್ತಿರ ಕಾದು ಕೇಳುತ್ತಿದ್ದರು. ಟಿ.ವಿ. ಸದ್ದು ಎಂದು ಹೇಳಿದರೂ ನನ್ನ ಬೆನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದರು.

ಒಂದು ಸೋಮವಾರ ಸಂಜೆ ಬಂದು ವಿ.ಸಿ.ಆರ್. ಹಾಕಿದೆ. ಹಿಂದಿನ ದಿನ ಅರ್ಧಕ್ಕೆ ನಿಲ್ಲಿಸಿದ್ದ ಕ್ಯಾಸೆಟ್ಟು ಮೊದಲಿನಿಂದ ಶುರುವಾಯಿತು. ಯಾರೋ ಅದನ್ನು ಹಿಂದಕ್ಕೆ ಸುತ್ತಿಟ್ಟಿದ್ದರು. ಮರುದಿನ ಬೇಕೆಂದೇ ಅರ್ಧಕ್ಕೆ ಬಿಟ್ಟು ಹೋದೆ. ಮತ್ತೆ ಅದೇ. ಕ್ಯಾಸೆಟ್ ಮುಟ್ಟಿದವರು ಬೀರು ಮುಟ್ಟಿರಲಿಕ್ಕಿಲ್ಲವೇ? ನನ್ನ ಕಾಗದಗಳನ್ನು? ಸೀರೆಗಳ ಮಡಿಕೆಯನ್ನೂ ಎರಡೆರಡು ಸಲ ಪರೀಕ್ಷಿಸಿದೆ.

ಗುರುವಾರ ತಲೆನೋವೆಂದು ಮ್ಯಾನೇಜರಿಗೆ ಸುಳ್ಳು ಹೇಳಿ ಹನ್ನೊಂದಕ್ಕೆ ಮನೆಗೆ ಬಂದೆ. ಬಾಗಿಲು ಓರೆಯಾಗಿತ್ತು. ಅಡುಗೆಮನೆಯಲ್ಲಿ ಡ್ರಮ್ ತುಂಬಿ ನೀರು ನೆಲಕ್ಕೆ ಹರಿಯುತ್ತಿತ್ತು. ಬಾಬಾಯಿಗಾರು ಟಿ.ವಿ. ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಸದ್ದು ಪೂರ್ತಿ ಇಳಿಸಿ.

"ಬಾಬಾಯಿಗಾರೂ, ಇದೇನಿದು?"

ಗಾಬರಿಯಿಂದ ಎದ್ದರು. ತೆಲುಗಿನಲ್ಲಿ ತಡವರಿಸಿದರು: "ತಪ್ಪಾಯ್ತಮ್ಮಾ. ನೀರಿಗೇ ಬಂದಿದ್ದು. ಮೊದಲ ದಿನ ಏನಿದೆಯೋ ಅಂತ ಅನುಮಾನದಿಂದ ಹಾಕಿದೆ. ನಿನ್ನ ಪಿನ್ನಿಯೇ ನೋಡಿ ಬಾ ಅಂದಳು. ಆಮೇಲೆ..." ಕಣ್ಣು ಇನ್ನೂ ಪರದೆಯ ಮೇಲೇ ಇತ್ತು. "ಆ ಹುಡುಗಿ ಬ್ರೇಕ್ ಹಾಕಿದ್ದು ನೋಡಿದೆಯಾ? ತಿರುವು ಕಾಣೋ ಮೊದಲೇ ಹಾಕಿದಳು. ಹಿಂದೆ ಅಷ್ಟು ಭಾರ ಇದ್ದರೆ ಹಾಗೇ ಹಾಕಬೇಕು. ಇದನ್ನು ಬರೆದವನು ಎಲ್ಲೋ ಗಾಡಿ ಓಡಿಸಿದವನಮ್ಮಾ."

ನಾನು ಕೈ ಚಾಚಿದೆ. ಬೀಗದಕೈ ಕೊಟ್ಟು ಇಳಿದು ಹೋದರು. ಸಂಜೆಯೇ ಹೊಸ ಬೀಗ ತಂದೆ.

ಸಿಟ್ಟು ಇಳಿಯಲು ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ಅದೇ ರೇಸನ್ನು ಮತ್ತೆ ಹಾಕಿ ನೋಡಿದ್ದೆ. ಹೌದು, ತಿರುವಿಗೆ ಬಹಳ ಮೊದಲೇ ಅವಳ ಕೈ ಬ್ರೇಕಿನ ಲಿವರಿನ ಮೇಲಿತ್ತು. ನಾಲ್ಕು ಸಲ ನೋಡಿದ್ದರೂ ನನಗದು ಕಂಡಿರಲಿಲ್ಲ. ಭಾನುವಾರ ಇಳಿದು ಹೋಗಿ, "ಹೊಸ ಕ್ಯಾಸೆಟ್ ಬಂದಿದೆ, ಇಬ್ಬರೂ ಬನ್ನಿ," ಎಂದೆ.

ಬಂದರು. ಬಾಬಾಯಿಗಾರು ಸಿಗ್ನಲ್ಲು, ಇಳಿಜಾರು, ಬ್ರೇಕು ಎಂದು ವಿವರಿಸುತ್ತಾ ಹೋದರೆ ಪಿನ್ನಿಗಾರು ಹೊಸ್ತಿಲ ಹತ್ತಿರ ಕೂತು ಗೋರಿಕಾಯಿ ಮುರಿಯುತ್ತಾ, "ಬರೀ ಬೊಂಬೆಗಳಾ? ಬೇರೆ ಏನೂ ಇಲ್ಲವಾ?" ಎಂದು ಕೇಳುತ್ತಲೇ ಇದ್ದರು. ಹೊಸ ಬೀಗದ ಕೈಯನ್ನು ಮಾತ್ರ ನಾನು ಕೊಡಲಿಲ್ಲ. ಬೆಳಿಗ್ಗೆ ಕೆಳಗಿನ ಬಾವಿಯಿಂದ ನಾನೇ ನೀರು ಹೊರುತ್ತಿದ್ದೆ.

ಕೊನೆಯ ರೇಸಿನ ಕ್ಯಾಸೆಟ್ ಮಾತ್ರ ಬರಲೇ ಇಲ್ಲ. ಅದರ ಬದಲು ಅಕ್ಕನ ಪತ್ರ ಬಂತು. ಚಾನೆಲ್ಲಿನವರು ಕಾರ್ಟೂನನ್ನು ನಡುವೆಯೇ ನಿಲ್ಲಿಸಿ ಅಡುಗೆ ಕಾರ್ಯಕ್ರಮ ಹಾಕಿದ್ದರು. ಬಾಬಾಯಿಗಾರು ನಂಬಲಿಲ್ಲ.

"ನೀನು ನೋಡಿಬಿಟ್ಟಿದ್ದೀಯ. ಆ ಹುಡುಗಿ ಸತ್ತುಹೋದಳು. ನನಗೆ ಹೇಳುತ್ತಿಲ್ಲ."

ಎಷ್ಟು ಆಣೆ ಮಾಡಿದರೂ ಕೇಳಲಿಲ್ಲ. ಕೊನೆಗೆ ಪತ್ರವನ್ನೇ ಕೈಗಿಟ್ಟೆ. ಕನ್ನಡದ ಅಕ್ಷರ ತೆಲುಗಿನವರಿಗೆ ಅಷ್ಟೇನೂ ದೂರವಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದಾಗಿ ಕೂಡಿಸಿ ಓದಿದರು. "ನಿ...ಲ್ಲಿ...ಸಿ... ಅಂದರೆ?"

"ಆಪೇಶಾರು," ಎಂದು ತೆಲುಗಿನಲ್ಲಿ ಹೇಳಿದೆ.

ಆ ಸಾಲನ್ನು ಇನ್ನೊಮ್ಮೆ ಓದಿದರು.

"ಹಾಗಾದರೆ ಅವಳು ಬದುಕಿಯೇ ಇದ್ದಾಳೆ," ಎಂದು ಪತ್ರ ಮಡಿಸಿ ಕೊಟ್ಟರು.