ಗರುಡನಿಗೆ ಮೊಸರನ್ನ

ಮಂತ್ರಾಲಯದ ಆಕಾಶದಲ್ಲಿ ಗರುಡ ಕಂಡರೆ ಕೈ ಮುಗಿಯದವರಿಲ್ಲ. ಅದೇ ಗರುಡ ಹೊಳೆಯ ದಂಡೆಯಲ್ಲಿ ಬಿದ್ದು ಒದ್ದಾಡುತ್ತಿದ್ದರೆ ಮಾತ್ರ ಆ ಕೈಗಳು ಮುಗಿದಲ್ಲೇ ಇರುತ್ತವೆ. ಮುಗಿದ ಕೈ ಬಿಡಿಸಿ ಕೆಲಸಕ್ಕೆ ಹಚ್ಚುವವರು ಊರಲ್ಲಿ ಏಳೆಂಟು ಜನ ಇದ್ದೇವೆ, ನಮ್ಮದೊಂದು ವಾಟ್ಸಾಪ್ ಗುಂಪು. ಗೂಡಿರುವ ಮರ ಕಡಿಯುತ್ತಾರೆಂದು ಗೊತ್ತಾದರೆ ಹೋಗಿ ಮಾತಾಡುತ್ತೇವೆ, ಭಾನುವಾರ ದಂಡೆಯ ಮೇಲೆ ಬಿಸಾಡಿದ ನೈಲಾನ್ ಬಲೆ ಆಯುತ್ತೇವೆ. ನಾನು ಎಮ್ಮಿಗನೂರಿನ ಬ್ಯಾಂಕೊಂದರಲ್ಲಿ ಗುಮಾಸ್ತೆ. ಗುಂಪಿನಲ್ಲಿ ನನ್ನ ಕೆಲಸ ಹೆಚ್ಚಾಗಿ ಉಪದೇಶ ಮಾಡುವುದಾಗಿತ್ತು.

ಹೋದ ಚಳಿಗಾಲ ಒಂದು ಬೆಳಿಗ್ಗೆ ಗುಂಪಿನ ಮೀನುಗಾರ ಫೋನ್ ಮಾಡಿದ. ಯಾರೋ ಬಿಟ್ಟುಹೋದ ಹಳೆಯ ಬಲೆಯಲ್ಲಿ ಗರುಡವೊಂದು ಸಿಕ್ಕಿಕೊಂಡು, ನೈಲಾನ್ ದಾರ ಎಡರೆಕ್ಕೆಯ ಬುಡ ಕೊಯ್ದಿತ್ತು. ಅವನು ಹಕ್ಕಿಯ ತಲೆಯ ಮೇಲೆ ಟವೆಲ್ ಮುಚ್ಚಿ, ದಾರ ಕತ್ತರಿಸಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಇಟ್ಟಿದ್ದ. ಅವನ ಮನೆಯಲ್ಲಿ ಎರಡು ನಾಯಿ.

"ಅಕ್ಕಾ, ನಿಮ್ಮ ಹಿತ್ತಲದಾಗ ಕೊಟ್ಟಿಗಿ ಖಾಲಿ ಐತಲ್ರಿ," ಎಂದ. ಉಪದೇಶ ಮಾಡಿದ್ದಕ್ಕೆ ಸರಿಯಾಗಿ ಸಿಕ್ಕಿಬಿದ್ದೆ.

ನಮ್ಮದು ಈರುಳ್ಳಿಯೂ ಒಳಗೆ ಬಾರದ ಮಡಿಯ ಮನೆ, ಅತ್ತೆ ಅದರ ಒಡತಿ. ಎಪ್ಪತ್ತು ದಾಟಿದರೂ ದನಿ ತಗ್ಗಿಲ್ಲ. ಹೆದರುತ್ತಲೇ ಡಬ್ಬ ತಂದು ಕೊಟ್ಟಿಗೆಯಲ್ಲಿಟ್ಟೆ. ಅತ್ತೆ ತೂತಿನಲ್ಲಿ ಇಣುಕಿದವರೇ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ ಕಂಡು ಗಲ್ಲ ಗಲ್ಲ ಬಡಿದುಕೊಂಡರು. ಸ್ವಾಮಿಯ ವಾಹನವೇ ಮನೆ ಹುಡುಕಿಕೊಂಡು ಬಂದಿದೆ ಎಂದು ಸಂಭ್ರಮವೋ ಸಂಭ್ರಮ. ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಬಾಳೆಲೆಯಲ್ಲಿ ಮೊಸರನ್ನ ಬಡಿಸಿದ್ದರು. ರಾತ್ರಿ ಅದರ ಪಕ್ಕ ಕಡಲೆಬೇಳೆ, ಬೆಲ್ಲದ ಹಯಗ್ರೀವವೂ ಬಂತು. ಹಕ್ಕಿ ಎರಡನ್ನೂ ಮುಟ್ಟಲಿಲ್ಲ.

ಅದು ಮೀನು ತಿನ್ನುವ ಹಕ್ಕಿ ಎಂದೆ. ಗರುಡ ಹಾವು ತಿಂದ ಕಥೆ ಹೇಳಿದವರು ನೀವೇ ಅಲ್ಲವೇ ಎಂದು ನೆನಪಿಸಿದೆ.

"ಅದು ಪುರಾಣದಾಗ," ಎಂದರು ಅತ್ತೆ. "ಇದು ನಮ್ಮ ಹಿತ್ತಲ."

ಮರುದಿನ ಆದೋನಿಯಿಂದ ಪಶುವೈದ್ಯರು, ಅವರ ಜೊತೆ ಅರಣ್ಯ ಇಲಾಖೆಯವರೊಬ್ಬರು ಬಂದರು. ಮೂಳೆ ಮುರಿದಿಲ್ಲ, ಆದರೆ ಗಾಯ ಒಣಗುವವರೆಗೆ ಹಕ್ಕಿಯನ್ನು ಎಲ್ಲೂ ಸಾಗಿಸುವುದು ಬೇಡ ಎಂದು ತೀರ್ಮಾನವಾಯಿತು. ಇವತ್ತೇ ಮೀನು ಹೊಟ್ಟೆಗೆ ಬೀಳದಿದ್ದರೆ ಗಾಯ ಒಣಗುವವರೆಗೆ ಇದು ಬದುಕುವುದಿಲ್ಲ ಎಂದೂ ವೈದ್ಯರು ಹೇಳಿದರು. ಅತ್ತೆ ತುಳಸಿಕಟ್ಟೆಯ ಹತ್ತಿರ ನಿಂತು ಕೇಳಿಸಿಕೊಂಡರು. ಮುಖ ಗಂಟಿಕ್ಕಿಕೊಂಡೇ ಕಾನೂನು ಹೊರಡಿಸಿದರು. ಮೀನು ಹಿಂದಿನ ಗೇಟಿನಿಂದಲೇ ಬರಬೇಕು. ಡಬ್ಬಿ, ಇಕ್ಕಳ ಹೊಸ್ತಿಲು ದಾಟಬಾರದು. ತಿನ್ನಿಸಿದವಳು ತಲೆಗೆ ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಆ ವಾರ ನನ್ನ ಕೂದಲು ಒಣಗಿದ್ದೇ ಇಲ್ಲ.

ಮೀನುಗಾರ ದಿನಾ ಸಣ್ಣ ಮೀನು ತುಂಬಿದ ಡಬ್ಬಿಯನ್ನು ಗೇಟಿಗೆ ತೂಗುಹಾಕಿ ಹೋಗುತ್ತಿದ್ದ. ನಾನು ಇಕ್ಕಳದಲ್ಲಿ ಒಂದೊಂದೇ ಹಿಡಿಯುತ್ತಿದ್ದೆ. ಹಕ್ಕಿ ಮೊದಲ ಮೀನು ಕಸಿದುಕೊಂಡಾಗ ನನಗೇ ಹೊಟ್ಟೆ ತುಂಬಿದ ಹಾಗಾಯಿತು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು, ಕೇಳಿದರೆ ನೋಡಿಲ್ಲ ಎನ್ನುತ್ತಿದ್ದರು.

ಆರನೆಯ ದಿನ ಏಕಾದಶಿ. ಅತ್ತೆಗೆ ಅವತ್ತು ಹನಿ ನೀರೂ ಇಲ್ಲ. ನಾನು ಬ್ಯಾಂಕಿನ ಕೆಲಸಕ್ಕೆಂದು ನಸುಕಿನಲ್ಲೇ ಆದೋನಿಗೆ ಹೋದವಳು ಮಧ್ಯಾಹ್ನಕ್ಕೆ ವಾಪಸ್ ಬರುವ ಲೆಕ್ಕ ಹಾಕಿದ್ದೆ. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಮೀನುಗಾರ ಡಬ್ಬಿ ತೂಗುಹಾಕಿ ಹೊಳೆಗಿಳಿದಿದ್ದ, ಫೋನ್ ಎತ್ತಲಿಲ್ಲ. ಈಗಷ್ಟೇ ಚೇತರಿಸಿಕೊಂಡ ಹಕ್ಕಿ ಮತ್ತೆ ಸೊರಗುತ್ತದೆಂದು ಗೊತ್ತಿತ್ತು. ಆದರೂ ಏಕಾದಶಿಯ ದಿನ ಅತ್ತೆಗೆ ಫೋನ್ ಮಾಡಿ ಮೀನು ಮುಟ್ಟಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಂಜೆ ಓಡಿಬಂದೆ. ಡಬ್ಬಿ ತೊಳೆದು ಬೋರಲು ಹಾಕಿತ್ತು. ಅತ್ತೆ ಒದ್ದೆ ಕೂದಲು ಹರಡಿಕೊಂಡು ಹಿತ್ತಲ ಕಟ್ಟೆಯ ಮೇಲೆ ಸುಸ್ತಾಗಿ ಕೂತಿದ್ದರು.

"ಅತ್ತಿ, ಇವತ್ತ ಏಕಾದಶಿ," ಎಂದೆ.

"ಏಕಾದಶಿ ನನಗ," ಎಂದರು. "ಅದಕ್ಯಾಕ ಉಪವಾಸ?"

ಮದುವೆಯಾಗಿ ಹನ್ನೆರಡು ವರ್ಷ ಅವರಿಗೆ ಬರೀ ಹೆದರಿಕೊಂಡಿದ್ದೆ. ಅವರ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು.

ಹನ್ನೆರಡನೆಯ ದಿನ ವೈದ್ಯರು ಒಪ್ಪಿದ ಮೇಲೆ, ಅರಣ್ಯ ಇಲಾಖೆಯವರ ಎದುರಿಗೆ ಗರುಡವನ್ನು ಹೊಳೆಯ ದಂಡೆಯಲ್ಲಿ ಬಿಟ್ಟೆವು. ಅದು ನೀರಿನ ಮೇಲೆ ಒಂದು ಸುತ್ತು ಹಾಕಿ ನಾಗಲದಿನ್ನೆಯ ಕಡೆ ಹೋಯಿತು. ಮಿಂದು ಬರುತ್ತಿದ್ದ ಯಾತ್ರಿಕರೆಲ್ಲ ಕೈ ಮುಗಿದರು. ಅತ್ತೆ ಮುಗಿಯಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು, ಎಡರೆಕ್ಕೆ ಸರಿಯಾಗಿ ಬಡಿಯುತ್ತಿದೆಯೇ ಎಂದು ನೋಡುತ್ತಿದ್ದರು.

ಮನೆಗೆ ಬಂದು, ಇನ್ನಾದರೂ ಮಡಿಗೆ ನೆಮ್ಮದಿಯಾಗಲಿ ಎಂದು ಇಕ್ಕಳ, ಡಬ್ಬಿ ಎಲ್ಲ ಚೀಲಕ್ಕೆ ತುಂಬಿ ಎಸೆಯಲು ಹೊರಟೆ. ಅತ್ತೆ ಚೀಲ ಕಸಿದುಕೊಂಡು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರು.

"ಎಸಿಬ್ಯಾಡ," ಎಂದರು. "ಹೊಳ್ಯಾಗ ಇನ್ನೂ ನೈಲಾನ್ ಬಲಿ ಅದಾವ."