ಇದರಲ್ಲಿ ನನ್ನನ್ನ ಹುಡುಕು

ಮನೆಮನೆಯ ಬಾಗಿಲು ತಟ್ಟಿ, ಕೇಳಲು ಮುಜುಗರವಾಗುವುದನ್ನೂ ನಯವಾಗಿ ಕೇಳಿ, ಹೇಳಿದವರ ಮಾನಕ್ಕೆ ಕುಂದು ಬಾರದಂತೆ ಅದನ್ನು ಅಂಕಿಯಾಗಿಸುವ ಸಮೀಕ್ಷೆಯ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾಗುತ್ತಿರುವ ನಿರ್ದೇಶಕರನ್ನು ಕಚೇರಿಯವರು ಬೆನ್ನ ಹಿಂದೆ ಕರೆಯುವುದು ‘ಬೀಗದ ಸಾರ್’ ಎಂದು. ಪ್ರಶ್ನಾವಳಿಗಳ ಅಲಮಾರಿಗೆ ಎರಡೆರಡು ಬೀಗ ಜಡಿಯುವ ಅಭ್ಯಾಸದಿಂದ ಬಂದ ಹೆಸರದು. ಅವರಿಗೂ ಗೊತ್ತು, ಬೇಸರವಿಲ್ಲ.

ಈ ಲೇಖಕಿ ಅವರ ಕೈಕೆಳಗೆ ಸೇರಿದ ಮೊದಲ ತಿಂಗಳೇ ನಲವತ್ತು ಪ್ರಶ್ನಾವಳಿಗಳನ್ನು ತಪ್ಪಾಗಿ ತುಂಬಿ ತಂದು ಕಣ್ಣೀರು ಹಾಕುತ್ತ ನಿಂತಾಗ, ಅವರು ಒಂದು ಮಾತೂ ಗದರದೆ, ಚಪ್ಪಲಿ ಮೆಟ್ಟಿ ನಲವತ್ತೂ ಮನೆಗಳಿಗೆ ಜೊತೆಯಲ್ಲಿ ಬಂದರು. ಒಂದು ಮನೆಯ ಅಜ್ಜಿ, "ನಾನು ಹೇಳಿದ್ದು ಸೊಸೆ ಕಿವಿಗೆ ಬೀಳಲ್ಲ ತಾನೆ?" ಎಂದು ಪಿಸುಗುಟ್ಟಿದರೆ, "ನನ್ನ ಹೆಂಡತಿ ಕಿವಿಗೇ ಬೀಳಲ್ಲ, ಇನ್ನು ನಿಮ್ಮ ಸೊಸೆ ಯಾವ ಲೆಕ್ಕ ಅಜ್ಜಿ!" ಎಂದು ನಗಿಸಿದರು.

ಹನ್ನೊಂದು ವರ್ಷಗಳ ಹಿಂದೆ ಈಕೆಗೆ ಸ್ವಲ್ಪ ಜಂಬ ಬಂತು. ಆರೋಗ್ಯ ಸಮೀಕ್ಷೆಯ ಉತ್ತರಗಳನ್ನು ಆಸ್ಪತ್ರೆಗಳ ದಾಖಲೆಯೊಂದಿಗೆ ಸಾಲಿಗೆ ಸಾಲು ಜೋಡಿಸಿ, ಮೂರು ತಿಂಗಳು ಬೆನ್ನು ಬಗ್ಗಿಸಿ ಕೂತು ಒಂದೇ ಪಟ್ಟಿ ಮಾಡಿದ್ದಳು. ಸೋಮವಾರ ಅದು ಹೊರಗಿನ ಸಂಶೋಧಕರ ಕೈ ಸೇರಬೇಕು. ಬಾಕಿಯಿದ್ದದ್ದು ಸಾರ್ ಅವರ ಸಹಿಯೊಂದೇ.

"ಹೆಸರು, ವಿಳಾಸ ಎಲ್ಲ ತೆಗೆದಿದೀನಿ ಸಾರ್. ಯಾರು ಯಾರು ಅಂತ ದೇವರಿಗೂ ಗೊತ್ತಾಗಲ್ಲ."

"ದೇವರು ಹಾಗಿರಲಿ. ನಮ್ಮ ಮನೆಗೂ ಸಮೀಕ್ಷೆಯವರು ಬಂದಿದ್ರು. ಇದರಲ್ಲಿ ನನ್ನನ್ನ ಹುಡುಕು, ನೋಡೋಣ."

ಹುಟ್ಟಿದ ವರ್ಷ, ಬಡಾವಣೆ, ಮನೆಯಲ್ಲಿ ಮೂವರು, ಕಸುಬು ಸಂಖ್ಯಾಶಾಸ್ತ್ರ. ಕಾಲು ಗಂಟೆಯೂ ಹಿಡಿಯಲಿಲ್ಲ, ಒಂದೇ ಸಾಲು ಉಳಿಯಿತು. ಅದರ ಕೊನೆಯಲ್ಲಿ ಆಸ್ಪತ್ರೆಯ ವಿಭಾಗದ ಹೆಸರು, ಭೇಟಿಗಳ ಸಂಖ್ಯೆ. ಹಲ್ಲುನೋವೆಂದು ಪದೇ ಪದೇ ರಜೆ ಹಾಕುವ ಮನುಷ್ಯನ ಬಾಯಲ್ಲಿ ಮೂವತ್ತೆರಡೂ ಹಲ್ಲು ಹೇಗೆ ಗಟ್ಟಿಯಾಗಿವೆ ಎಂಬುದು ಈಕೆಗೆ ಆಗ ಹೊಳೆಯಿತು.

"ಸಿಕ್ಕಿದೆನಾ?"

"ಇಲ್ಲ ಸಾರ್."

ಮುಖ ಬಿಳುಚಿಕೊಂಡವಳ ಸುಳ್ಳನ್ನು ಯಾರು ನಂಬುತ್ತಾರೆ! ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. "ಹೀಗೇ ಇರಬೇಕು. ಆದರೆ ಹುಡುಕೋರೆಲ್ಲ ನಿನ್ನ ಹಾಗೆ ಬಾಯಿ ಮುಚ್ಕೊಂಡಿರಲ್ಲಮ್ಮಾ."

ಈಕೆ ಸಹಿ ಕೇಳಲಿಲ್ಲ. ವಯಸ್ಸುಗಳನ್ನು ಹತ್ತು ಹತ್ತು ವರ್ಷಕ್ಕೆ ಒಟ್ಟುಗೂಡಿಸಿ, ಬಡಾವಣೆಗಳನ್ನು ಬೆರೆಸಿ, ಕಸುಬಿನ ಕಾಲಂ ಅನ್ನೇ ಕಿತ್ತುಹಾಕಿ ಪಟ್ಟಿಯನ್ನು ಮತ್ತೆ ಮಾಡಿದಳು. ತಡವಾಯಿತೆಂದು ಸಂಶೋಧಕರು ಸಿಡುಕಿದಾಗ ಬೈಗುಳವನ್ನೆಲ್ಲ ಸಾರ್ ತಾವೇ ನುಂಗಿಕೊಂಡರು.

ಇದನ್ನು ಬರೆಯಲು ಒಪ್ಪಿಗೆ ಕೇಳಿದಾಗ, "ಆ ವಿಭಾಗದ ಹೆಸರೊಂದು ಬಿಟ್ಟು ಏನು ಬೇಕಾದ್ರೂ ಬರಿ" ಎಂದರು. ಬಿಟ್ಟಿದ್ದಾಳೆ. ಇಂಥ ಅಭಿನಂದನಾ ಸಂಪುಟಗಳ ಬರಹದ ಕೊನೆಯಲ್ಲಿ ದೀರ್ಘಾಯುಷ್ಯ ಕೋರುವುದು ವಾಡಿಕೆ. ಈಕೆಗೆ ಅದು ವಾಡಿಕೆಯ ಮಾತಲ್ಲ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಅವರಿದ್ದಾರೆಯೇ ಎಂದು ಇಣುಕಿ ನೋಡಿ, ಯಾರಿಗೂ ಹೇಳದೆ ಹಾರೈಸಿದ್ದನ್ನು ಇಂದು ಮೊದಲ ಸಲ ಎಲ್ಲರೆದುರು ಹಾರೈಸುತ್ತಿದ್ದಾಳೆ: ನೂರು ವರ್ಷ ಬಾಳಿ ಸಾರ್, ಇನ್ನೂ ನೂರು ಪಟ್ಟಿ ವಾಪಸ್ಸು ಕಳಿಸಿ.